ರೇಟಿಂಗ್ ಕೊಡೋಕೆ ಮುಂಚೆ ಬಿಳಿ ಅನ್ನ ತಿಂದು ನೋಡಿ

ಪ್ರಶ್ನೆ: ನಾವು ನಾಲ್ಕು ಜನ ಫ್ರೆಂಡ್ಸ್ ಒಂದು ಚಿಕ್ಕ ಏಷ್ಯನ್ ರೆಸ್ಟೋರೆಂಟ್‌ಗೆ ಹೋಗಿದ್ವಿ. ಫ್ರೈಡ್ ರೈಸ್, ರಾಮೆನ್ ಅನ್ನೋ ಜಪಾನಿ ನೂಡಲ್ಸ್ ಸೂಪು, ಡಂಪ್ಲಿಂಗ್, ಥಾಯ್ ಗ್ರೀನ್ ಕರಿ ಜೊತೆಗೆ ಬಿಳಿ ಅನ್ನ ಆರ್ಡರ್ ಮಾಡಿದ್ವಿ. ನಂಗೆ ಊಟ ಇಷ್ಟ ಆಯ್ತು. ಒಬ್ಬನಿಗೆ ಕ್ವಾಂಟಿಟಿ ಕಮ್ಮಿ, ದುಡ್ಡು ಜಾಸ್ತಿ ಅನ್ನಿಸ್ತು. ಇನ್ನೊಬ್ಬಳು ಸರ್ವಿಸ್ ಸರಿ ಇಲ್ಲ ಅಂದ್ಲು, ಯಾಕಂದ್ರೆ ಒಂದೊಂದು ಪ್ಲೇಟ್ ಒಂದೊಂದು ಟೈಮಿಗೆ ಬಂತು, ಯಾರೂ ಬಂದು ವಿಚಾರಿಸಲಿಲ್ಲ, ಬಿಲ್ ಕೂಡ ನಾವೇ ಕೇಳ್ಬೇಕಾಯ್ತು. ನಾಲ್ಕನೆಯವರು ಅಜಿನೊಮೊಟೊ ಹಾಕಿರ್ತಾರೆ ಅಂತ ಸರಿಯಾಗಿ ತಿನ್ನಲೇ ಇಲ್ಲ. ರಿವ್ಯೂ ಬರೆಯೋಕೆ ಕೂತ್ರೆ 3 ಕೊಡ್ಲಾ 4 ಕೊಡ್ಲಾ ಗೊತ್ತಾಗ್ತಿಲ್ಲ. ಇಂಥ ಜಾಗನ ಹೇಗೆ ಅಳೀಬೇಕು?

ಉತ್ತರ:

ಒಳ್ಳೆ ಪ್ರಶ್ನೆ, ಅದೂ ರಿವ್ಯೂ ಬರೆಯೋಕೆ ಮುಂಚೆ ಕೇಳಿದ್ರಲ್ಲ, ಅದು ನಂಗೆ ತುಂಬಾ ಖುಷಿ ಆಯ್ತು. ನಾನು ಇಂಥ ಕಿಚನ್‌ಗಳಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದೀನಿ, ಅದರಲ್ಲಿ ಹೆಚ್ಚಿನ ಟೈಮ್ ವಾಕ್ ಅನ್ನೋ ದುಂಡು ತಳದ ಬಾಣಲೆ ಮುಂದೆ, ಸ್ವಲ್ಪ ದಿನ ನೂಡಲ್ಸ್ ಕಡೆ, ಈಗ ಚಿಕ್ಕ ರೆಸ್ಟೋರೆಂಟ್‌ಗಳಿಗೆ ಮೆನು ಮತ್ತೆ ಖರ್ಚಿನ ಲೆಕ್ಕ ಮಾಡಿಕೊಡ್ತೀನಿ. ಹಾಗಾಗಿ ಬಾಗಿಲಿನ ಆ ಕಡೆಯಿಂದಾನೂ ಈ ಕಡೆಯಿಂದಾನೂ ನೋಡಿ ಹೇಳ್ತಿರೋದು ಇದು. ನಾನು ಎಲ್ಲೇ ತಿನ್ನೋಕೆ ಕೂತ್ರೂ ಕೇಳಿಕೊಳ್ಳೋದು ಒಂದೇ ಮಾತು, ಈ ತಟ್ಟೆಯಲ್ಲಿ ಕೆಲಸ ಎಲ್ಲಿ ಆಗಿದೆ? ತಟ್ಟೆ ದೊಡ್ಡದಾ ಚಿಕ್ಕದಾ ಅನ್ನೋದು ಆಮೇಲೆ.

ಮೊದಲು ದುಡ್ಡಿನ ವಿಷಯನೇ ತಗೋಳೋಣ, ನಿಮ್ಮ ಫ್ರೆಂಡ್ ಶುರು ಮಾಡಿದ್ದೇ ಅದರಿಂದ ಅಲ್ವಾ. ಸಾಮಾನ್ಯವಾಗಿ ಈ ಬಿಸಿನೆಸ್‌ನಲ್ಲಿ ನೀವು ಕೊಡೋ 100ರಲ್ಲಿ 30 ಆಸುಪಾಸು ಮಾತ್ರ ಸಾಮಗ್ರಿಗೆ ಹೋಗೋದು, ಮಿಕ್ಕಿದ್ದು ಸಂಬಳ, ಬಾಡಿಗೆ, ಗ್ಯಾಸು, ಕರೆಂಟು, ಪಾತ್ರೆ ತೊಳೆಯೋರು, ಒಡೆದ ಬೌಲು, ಎಲ್ಲಾ ಕಳೆದು ಮಾಲೀಕರಿಗೆ ಉಳಿಯೋದು ಚೂರು. ಏಷ್ಯನ್ ಅಡುಗೆಯಲ್ಲಿ ಅಕ್ಕಿ, ನೂಡಲ್ಸ್, ಎಲೆಕೋಸು, ಕ್ಯಾರೆಟ್ ಇವೆಲ್ಲ ಅಗ್ಗ. ಅಂದ್ರೆ ತಟ್ಟೆ ತುಂಬಿಸೋದು ರೆಸ್ಟೋರೆಂಟ್‌ಗೆ ಅತ್ಯಂತ ಸುಲಭದ ಕೆಲಸ, ಇನ್ನೊಂದು ಹಿಡಿ ನೂಡಲ್ಸ್ ಜಾಸ್ತಿ ಹಾಕಿದ್ರೆ ಗಿರಾಕಿ ಖುಷಿ, ಇವರಿಗೆ ಖರ್ಚು ಏನೂ ಇಲ್ಲ. ಬೆಟ್ಟದ ಥರ ಬಂದ ಫ್ರೈಡ್ ರೈಸ್ ಪ್ಲೇಟ್ ನೋಡಿ ಪೈಸಾ ವಸೂಲ್ ಅಂದುಕೊಳ್ತೀವಲ್ಲ, ಎಷ್ಟೋ ಸಲ ಅದರಲ್ಲೇ ನಮಗೆ ಕಮ್ಮಿ ಸಿಕ್ಕಿರತ್ತೆ.

ಡಂಪ್ಲಿಂಗ್ ತಗೊಳ್ಳಿ, ಆರೋ ಎಂಟೋ ಇರತ್ತೆ, ನೋಡೋಕೆ ಏನೂ ಇಲ್ಲ ಅನ್ಸತ್ತೆ. ಆದ್ರೆ ಅದನ್ನ ಕೈಯಲ್ಲೇ ಮಾಡಿದ್ರೆ ಹಿಟ್ಟು ಕಲಸಿ ನೆನೆಯೋಕೆ ಬಿಟ್ಟು, ಒಂದೊಂದೇ ಹಾಳೆ ಲಟ್ಟಿಸಿ, ಅಂಚು ತೆಳು ಮಧ್ಯ ದಪ್ಪ ಇರೋ ಹಾಗೆ ನೋಡ್ಕೊಂಡು, ಹೂರಣ ಇಟ್ಟು, ಮಡಿಕೆ ಮಡಿಕೆಯಾಗಿ ಮುಚ್ಚಬೇಕು, ಬೆಳಿಗ್ಗೆಯಿಂದ ಒಬ್ಬರು ಅದೊಂದೇ ಕೆಲಸಕ್ಕೆ ಕೂತಿರ್ತಾರೆ. ಶಾವ್‌ಲಾಂಗ್‌ಬಾವ್ ಅಂತ ಶಾಂಘೈ ಕಡೆಯ ಸೂಪ್ ಡಂಪ್ಲಿಂಗ್ ಇದೆಯಲ್ಲ, ಅದರೊಳಗೆ ಸೂಪ್ ಹೇಗೆ ಹೋಯ್ತು ಅಂತ ಸುಮಾರು ಜನ ಕೇಳ್ತಾರೆ. ಹಂದಿಯ ಚರ್ಮ, ಮೂಳೆ ಗಂಟೆಗಟ್ಟಲೆ ಬೇಯಿಸಿ ಆ ರಸ ತಣ್ಣಗಾಗಿ ಜೆಲ್ಲಿ ಥರ ಗಟ್ಟಿಯಾದ ಮೇಲೆ ಅದನ್ನ ಚೂರು ಮಾಡಿ ಹೂರಣಕ್ಕೆ ಬೆರೆಸ್ತಾರೆ, ಹಬೆಯಲ್ಲಿ ಬೇಯುವಾಗ ಜೆಲ್ಲಿ ಕರಗಿ ಸೂಪ್ ಆಗತ್ತೆ, ಅಷ್ಟೇ. ಇಷ್ಟೆಲ್ಲ ಮಾಡಿ ಎಂಟು ಪೀಸ್ ಕೊಟ್ರೆ ಅದು ಕಮ್ಮಿ ಅಲ್ಲ. ಅದೇ ಫ್ಯಾಕ್ಟರಿಯ ಫ್ರೋಜನ್ ಪ್ಯಾಕೆಟ್ ಬಿಚ್ಚಿ ಹಬೆಗೆ ಇಟ್ಟು ಅದೇ ರೇಟ್ ತಗೊಂಡ್ರೆ ಆಗ ಖಂಡಿತ ಜಾಸ್ತಿ ಆಯ್ತು. ಹೇಗೆ ಗೊತ್ತಾಗತ್ತೆ ಅಂದ್ರೆ, ಕೈಯಲ್ಲಿ ಮಾಡಿದ್ದು ಒಂದರಂತೆ ಒಂದು ಪಕ್ಕಾ ಇರಲ್ಲ, ಮಡಿಕೆಗಳಲ್ಲಿ ಚೂರು ಹೆಚ್ಚು ಕಮ್ಮಿ ಇರತ್ತೆ, ಹಾಳೆ ಮೆತ್ತಗಿದ್ರೂ ಹಲ್ಲಿಗೆ ಸ್ವಲ್ಪ ಎದುರು ಕೊಡತ್ತೆ. ಚಾಪ್‌ಸ್ಟಿಕ್‌ನಲ್ಲಿ ಎತ್ತಿದ ತಕ್ಷಣ ತಳ ಕಿತ್ತುಕೊಂಡು ಬಂದ್ರೆ ಹಾಳೆ ಸರಿ ಇಲ್ಲ, ಇಲ್ಲಾ ಬೆಂದ ಮೇಲೆ ತುಂಬಾ ಹೊತ್ತು ಕಾದಿದೆ. ಡಿಮ್‌ಸಮ್, ಅಂದ್ರೆ ಟೀ ಜೊತೆ ಚಿಕ್ಕ ಚಿಕ್ಕ ಚೀನೀ ತಿಂಡಿ ಕೊಡೋ ಜಾಗಗಳಲ್ಲಿ ಹಾರ್ ಗಾವ್ ಅನ್ನೋ ಸೀಗಡಿ ಡಂಪ್ಲಿಂಗ್‌ನಿಂದಲೇ ಅಡುಗೆಯವರ ಕೈ ಅಳೆಯೋದು ಕೂಡ ಇದಕ್ಕೇ, ಆ ಹಾಳೆ ಒಳಗಿನ ಸೀಗಡಿ ಗುಲಾಬಿ ಬಣ್ಣ ಕಾಣೋವಷ್ಟು ತೆಳ್ಳಗಿರ್ಬೇಕು, ಎತ್ತಿದ್ರೆ ಹರೀಬಾರದು, ಎರಡೂ ಒಟ್ಟಿಗೆ ಬರೋದು ಕಷ್ಟ.

ಈಗ ರುಚಿ. ಬೆಂದಿದ್ಯಾ ಅಂತ ನೋಡೋಕೆ ಒಂದಗುಳು ಹಿಚುಕಿದ್ರೆ ಸಾಕು ಅಂತಾರಲ್ಲ, ಇಲ್ಲಿ ಅದು ಅಕ್ಷರಶಃ ನಿಜ. ನಾನು ಹೊಸ ಜಾಗಕ್ಕೆ ಹೋದ್ರೆ ಮೊದಲು ಬಿಳಿ ಅನ್ನದ ಬೌಲ್‌ನಿಂದ ಒಂದು ತುತ್ತು ಬರೀ ಅನ್ನವನ್ನೇ ತಿಂತೀನಿ, ಸಾಸ್ ಇಲ್ಲದೆ, ಕರಿ ಇಲ್ಲದೆ. ಜಾಸ್ಮಿನ್ ರೈಸ್ ಆದ್ರೆ ಮೆಲ್ಲಗೆ ಘಮ ಬರಬೇಕು, ಜಪಾನಿ ಅಕ್ಕಿ ಆದ್ರೆ ಚಾಪ್‌ಸ್ಟಿಕ್‌ಗೆ ಸಿಗೋವಷ್ಟು ಅಂಟಿರಬೇಕು ಆದ್ರೆ ಮುದ್ದೆ ಆಗಿರಬಾರದು, ತಳ ಹಿಡಿದ ವಾಸನೆ ಇರಬಾರದು, ಮೇಲೆ ಒಣಗಿ ಗಟ್ಟಿಯಾಗಿ ಒಳಗೆ ಒದ್ದೆ ಇದ್ರೆ ಕುಕ್ಕರ್‌ನಲ್ಲಿ ಬಹಳ ಹೊತ್ತು ಕೂತಿದೆ ಅಂತ ಅರ್ಥ. ಅನ್ನ ಯಾರೂ ಹೊಗಳಲ್ಲ, ಯಾರೂ ಫೋಟೋ ತೆಗೆಯಲ್ಲ, ಅದಕ್ಕೇ ಅಲ್ಲಿ ಕಾಳಜಿ ತೋರಿಸೋ ಕಿಚನ್ ಬೇರೆ ಕಡೆನೂ ತೋರಿಸತ್ತೆ. ಹೈನಾನ್ ಚಿಕನ್ ರೈಸ್ ಮಾಡೋರಿಗೆ ಇದು ಚೆನ್ನಾಗಿ ಗೊತ್ತು, ಹೆಸರಲ್ಲಿ ಚಿಕನ್ ಇದ್ರೂ ಕೋಳಿ ಕೊಬ್ಬು, ಶುಂಠಿ, ಬೆಳ್ಳುಳ್ಳಿ, ಕೋಳಿ ಬೇಯಿಸಿದ ನೀರು ಹಾಕಿ ಮಾಡಿದ ಆ ಅನ್ನದಲ್ಲೇ ಅಂಗಡಿಯ ಹೆಸರು ನಿಲ್ಲೋದು ಬೀಳೋದು.

ಆಮೇಲೆ ಬೆಂಕಿ. ಫ್ರೈಡ್ ರೈಸ್, ಹುರಿದ ನೂಡಲ್ಸ್, ಸೊಪ್ಪಿನ ಸ್ಟರ್ ಫ್ರೈ ಇವುಗಳಲ್ಲಿ ಕೆಲಸ ಅಂದ್ರೆ ಬೆಂಕಿಯೇ. ದಕ್ಷಿಣ ಚೀನಾದ ಕ್ಯಾಂಟನೀಸ್‌ನವರು ವಾಕ್ ಹೇ ಅಂತಾರೆ, ಬಾಣಲೆಯ ಉಸಿರು ಅನ್ನಬಹುದು, ಎಣ್ಣೆಯಲ್ಲಿ ಪಳಗಿದ ಕಬ್ಬಿಣದ ವಾಕ್ ಚೆನ್ನಾಗಿ ಕಾದು ಎಣ್ಣೆಯ ಸಣ್ಣ ಹನಿಗಳು ಜ್ವಾಲೆಗೆ ಸಿಕ್ಕು ಬರೋ ಆ ಹೊಗೆಯ ಘಮ. ರೆಸ್ಟೋರೆಂಟಿನ ವಾಕ್ ಬರ್ನರ್ ಮನೆ ಒಲೆಗಿಂತ ಹತ್ತು ಪಟ್ಟು ಕಾವು ಕೊಡತ್ತೆ, ಹಾಗಾಗಿ ಇದು ನೀವು ಮನೇಲಿ ಮಾಡಿಕೊಳ್ಳೋಕೆ ಆಗದೇ ಇರೋದು, ದುಡ್ಡು ಕೊಡ್ತಿರೋದೇ ಇದಕ್ಕೆ. ಒಳ್ಳೆ ಫ್ರೈಡ್ ರೈಸ್‌ನಲ್ಲಿ ಅಗುಳು ಅಗುಳು ಬಿಡಿ ಬಿಡಿಯಾಗಿರತ್ತೆ, ತಟ್ಟೆ ತಳದಲ್ಲಿ ಎಣ್ಣೆ ನಿಂತಿರಲ್ಲ, ಸೋಯಾ ಸಾಸ್‌ನಿಂದ ಕಪ್ಪಾಗಿರಲ್ಲ. ನಾಲ್ಕು ಪ್ಲೇಟ್ ಆರ್ಡರ್ ಒಂದೇ ಸಲಕ್ಕೆ ವಾಕ್‌ಗೆ ಸುರಿದ್ರೆ ಬಾಣಲೆ ತಣ್ಣಗಾಗಿ ತರಕಾರಿ ನೀರು ಬಿಡತ್ತೆ, ಆಗ ಹುರಿಯೋ ಬದಲು ಬೇಯತ್ತೆ, ನೂಡಲ್ಸ್ ಒದ್ದೆಯಾಗಿ ಗಂಟಾಗತ್ತೆ. ರಶ್ ಟೈಮಲ್ಲಿ ಈ ಆಸೆ ಎಲ್ಲರಿಗೂ ಬರತ್ತೆ, ನಂಗೂ ಬಂದಿದೆ, ತಡೆದುಕೊಳ್ಳೋ ಕುಕ್ಕೇ ಒಳ್ಳೆ ಕುಕ್. ಬಾಕ್ ಚಾಯ್ ಥರದ ಸೊಪ್ಪು ಆರ್ಡರ್ ಮಾಡಿ ನೋಡಿ, ಬೆಳ್ಳುಳ್ಳಿ ಉಪ್ಪು ಬಿಟ್ರೆ ಏನೂ ಇರಲ್ಲ, ಬಚ್ಚಿಟ್ಟುಕೊಳ್ಳೋಕೆ ಜಾಗನೇ ಇಲ್ಲ, ಎಲೆ ಬಾಡಿ ದಂಟು ಇನ್ನೂ ಕಟುಂ ಅನ್ನಬೇಕು, ಬಣ್ಣ ಹಸಿರಾಗೇ ಇರಬೇಕು.

ಸೂಪು ಮತ್ತೆ ರಾಮೆನ್‌ನಲ್ಲಿ ಕೆಲಸ ಅಂದ್ರೆ ಟೈಮು. ಟೊಂಕೋಟ್ಸು ರಾಮೆನ್ ಹಂದಿ ಮೂಳೆಯನ್ನ ಜೋರು ಕುದಿಯಲ್ಲಿ ಹನ್ನೆರಡು ಗಂಟೆಗೂ ಮೇಲೆ ಬೇಯಿಸಿ ಮಾಡೋದು, ಕೊಬ್ಬು ಮತ್ತೆ ಮೂಳೆಯಿಂದ ಇಳಿದ ಜೆಲಟಿನ್ ನೀರಲ್ಲಿ ಬೆರೆತು ಹಾಲಿನ ಥರ ಬೆಳ್ಳಗಾಗತ್ತೆ. ವಿಯೆಟ್ನಾಮಿನ ಫೋ ಅನ್ನೋ ನೂಡಲ್ಸ್ ಸೂಪು ಅದಕ್ಕೆ ತದ್ವಿರುದ್ಧ, ಸುಟ್ಟ ಈರುಳ್ಳಿ, ಸುಟ್ಟ ಶುಂಠಿ, ಚಕ್ರಮೊಗ್ಗು, ಚಕ್ಕೆ ಹಾಕಿ ಮೂಳೆಯನ್ನ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಟ್ಟು ನೊರೆ ತೆಗೀತಾ ತೆಗೀತಾ ತಿಳಿಯಾಗಿ ಉಳಿಸ್ಕೋಬೇಕು. ಎರಡಕ್ಕೂ ನನ್ನ ಪರೀಕ್ಷೆ ಒಂದೇ, ಮೇಲೆ ಇಟ್ಟಿರೋ ಮೊಟ್ಟೆ ಮಾಂಸ ಮುಟ್ಟದೆ ಬರೀ ಸೂಪನ್ನ ಎರಡು ಚಮಚ ಕುಡೀತೀನಿ. ಉಪ್ಪು ಮೊದಲು ಬಂದು ಅಲ್ಲೇ ನಿಂತ್ರೆ ಅದು ಪುಡಿಯ ಸೂಪು ಇರಬಹುದು. ಮೂಳೆ ಸೂಪಾದ್ರೆ ರುಚಿ ಬಾಯಲ್ಲಿ ಸ್ವಲ್ಪ ಹೊತ್ತು ಉಳಿಯತ್ತೆ, ಗಟ್ಟಿ ಸೂಪಾದ್ರೆ ತುಟಿಗೆ ತುಟಿ ಸ್ವಲ್ಪ ಅಂಟಿದ ಹಾಗೆ ಆಗತ್ತೆ, ಅದೇ ಜೆಲಟಿನ್. ಆ ಹನ್ನೆರಡು ಗಂಟೆಯ ಗ್ಯಾಸ್ ಬಿಲ್ಲು ಕೂಡ ನಿಮ್ಮ ಬೌಲ್‌ನಲ್ಲಿ ಇದೆ, ಹಾಗಾಗಿ ರಾಮೆನ್ ರೇಟ್ ಫ್ರೈಡ್ ರೈಸ್‌ಗಿಂತ ಜಾಸ್ತಿ ಇದ್ರೆ ಅದರಲ್ಲಿ ಅನ್ಯಾಯ ಏನಿಲ್ಲ.

ಗ್ರೀನ್ ಕರಿ ಬಗ್ಗೆ ಎರಡೇ ಮಾತು. ಮೊದಲು ಗಟ್ಟಿ ತೆಂಗಿನ ಹಾಲು ಎಣ್ಣೆ ಬಿಡೋವರೆಗೂ ಕುದಿಸಿ ಅದರಲ್ಲಿ ಪೇಸ್ಟ್ ಹುರಿದ್ರೆ ಮೇಲೆ ಹಸಿರು ಎಣ್ಣೆ ತೇಲತ್ತೆ, ಹಸಿ ವಾಸನೆ ಇರಲ್ಲ. ಎಲ್ಲಾ ಒಟ್ಟಿಗೆ ಸುರಿದು ಕುದಿಸಿ ಕಾರ್ನ್‌ಫ್ಲೋರ್ ಹಾಕಿ ಗಟ್ಟಿ ಮಾಡಿದ್ರೆ ತಣ್ಣಗಾಗ್ತಿದ್ದ ಹಾಗೆ ಅಂಟಂಟಾಗತ್ತೆ. ಪ್ಯಾಡ್ ಥಾಯ್ ಅನ್ನೋ ಹುರಿದ ನೂಡಲ್ಸ್‌ನಲ್ಲೂ ಹಾಗೇ, ಹುಳಿ ಹುಣಸೆಯಿಂದ ಬರಬೇಕು, ಕೆಂಪಗೆ ಸಿಹಿಯಾಗಿ ಕೆಚಪ್ ಥರ ಇದ್ರೆ ಕೆಚಪ್ಪೇ ಹಾಕಿದ್ದಾರೆ ಅಂದ್ಕೊಳ್ಳಿ.

ಸುಶಿ, ಅಂದ್ರೆ ಅನ್ನದ ಜೊತೆ ಮೀನಿಟ್ಟು ಕೊಡೋ ಜಪಾನಿ ತಿನಿಸು, ನೀವು ತಿಂದಿಲ್ಲ, ಆದ್ರೂ ಮುಂದೆ ಬೇಕಾಗತ್ತೆ. ಸುಶಿಯಲ್ಲೂ ಮೀನಿಗಿಂತ ಮೊದಲು ಅನ್ನ ನೋಡಿ, ಮೈ ಬಿಸಿಯಷ್ಟು ಬೆಚ್ಚಗಿರಬೇಕು, ಫ್ರಿಜ್‌ನಿಂದ ತೆಗೆದ ಹಾಗೆ ತಣ್ಣಗೆ ಗಟ್ಟಿಯಾಗಿ ಇದ್ರೆ ಎಷ್ಟು ಒಳ್ಳೆ ಮೀನು ಇಟ್ರೂ ಉಪಯೋಗ ಇಲ್ಲ. ಫ್ರೋಜನ್ ಮೀನು ಅಂತ ಮೂಗು ಮುರಿಯೋರು ಇದ್ದಾರೆ, ಅದು ತಪ್ಪು. ಹಸಿಯಾಗಿ ತಿನ್ನೋ ಎಷ್ಟೋ ಮೀನುಗಳಲ್ಲಿ ಹುಳು ಇರೋ ಸಾಧ್ಯತೆ ಇರೋದ್ರಿಂದ ಅಮೆರಿಕದಲ್ಲಿ ಆಹಾರ, ಔಷಧ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಡಿಎ ನಿಯಮದಲ್ಲಿ ಅಂಥ ಮೀನನ್ನ ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡಬೇಕು ಅಂತಿದೆ, ಅಂದ್ರೆ ಫ್ರೀಜ್ ಮಾಡಿರೋದು ಅಲ್ಲಿ ಸುರಕ್ಷತೆ. ಅದೇ ರೀತಿ ಕ್ಯಾಶುವಲ್ ಜಾಗಗಳಲ್ಲಿ ಸುಶಿ ಜೊತೆ ಸಿಗೋ ವಸಾಬಿ ಅನ್ನೋ ಖಾರದ ಹಸಿರು ಪೇಸ್ಟ್ ಬಹುಪಾಲು ಹಾರ್ಸ್‌ರ್ಯಾಡಿಶ್ ಅನ್ನೋ ಖಾರದ ಬೇರು ಮತ್ತೆ ಸಾಸಿವೆಗೆ ಹಸಿರು ಬಣ್ಣ ಹಾಕಿದ್ದು, ನಿಜವಾದ ವಸಾಬಿ ತುಂಬಾ ದುಬಾರಿ, ಇದಕ್ಕೆ ಮಾರ್ಕ್ಸ್ ಕಳೀಬೇಡಿ. ಬೆಲ್ಟ್ ಮೇಲೆ ತಿರುಗೋ ಸುಶಿ ಶುರು ಆಗಿದ್ದೇ ಕಮ್ಮಿ ರೇಟಲ್ಲಿ ಕಮ್ಮಿ ಜನ ಇಟ್ಟುಕೊಂಡು ನಡೆಸೋಕೆ, ಒಸಾಕಾದ ಯೋಶಿಯಾಕಿ ಶಿರಾಯಿಶಿ ಅನ್ನೋರು ಬಿಯರ್ ಫ್ಯಾಕ್ಟರಿಯಲ್ಲಿ ಬಾಟಲಿಗಳು ಬೆಲ್ಟ್ ಮೇಲೆ ಹೋಗೋದನ್ನ ನೋಡಿ 1958ರಲ್ಲಿ ಅಂಥ ಮೊದಲ ಅಂಗಡಿ ತೆರೆದ್ರು. ಅಲ್ಲಿಗೆ ಹೋಗಿ ಸರ್ವರ್ ಬಂದು ಮಾತಾಡಿಸ್ಲಿಲ್ಲ ಅಂದ್ರೆ ಹೇಗೆ, ಸರ್ವರ್‌ನ ಕೆಲಸ ಬೆಲ್ಟ್‌ಗೆ ಕೊಟ್ಟಿರೋದ್ರಿಂದಲೇ ಆ ರೇಟ್ ಬಂದಿದ್ದು.

ಈಗ ಅಜಿನೊಮೊಟೊ, ಇದನ್ನ ಹೇಳದೆ ಬಿಡೋಕೆ ನಂಗೆ ಮನಸ್ಸಿಲ್ಲ ಯಾಕಂದ್ರೆ ಇದರಿಂದ ಎಷ್ಟೋ ಒಳ್ಳೆ ಅಡುಗೆಯವರ ಹೆಸರು ಹಾಳಾಗಿದೆ. 1908ರಲ್ಲಿ ಜಪಾನಿನ ಕೆಮಿಸ್ಟ್ ಕಿಕುನಾಯೆ ಇಕೇಡಾ ಕೊಂಬು ಅನ್ನೋ ಸಮುದ್ರ ಪಾಚಿಯ ಸೂಪಿನ ರುಚಿ ಎಲ್ಲಿಂದ ಬರತ್ತೆ ಅಂತ ಹುಡುಕಿ ಗ್ಲುಟಮೇಟ್ ಅನ್ನೋ ಅಂಶ ಬೇರೆ ಮಾಡಿದ್ರು, ಆ ರುಚಿಗೆ ಉಮಾಮಿ ಅಂತ ಹೆಸರಿಟ್ರು, ಮುಂದಿನ ವರ್ಷವೇ ಅದು ಅಜಿನೊಮೊಟೊ ಅಂತ ಮಾರ್ಕೆಟ್‌ಗೆ ಬಂತು. ಅದೇ ಗ್ಲುಟಮೇಟ್ ಟೊಮ್ಯಾಟೋದಲ್ಲಿ, ಅಣಬೆಯಲ್ಲಿ, ಹಳೇ ಚೀಸ್‌ನಲ್ಲಿ ಸಹಜವಾಗೇ ಇದೆ. 1968ರಲ್ಲಿ ಅಮೆರಿಕದ ಒಂದು ಮೆಡಿಕಲ್ ಪತ್ರಿಕೆಗೆ ಡಾಕ್ಟರೊಬ್ಬರು ಚೈನೀಸ್ ಊಟ ಆದ ಮೇಲೆ ಕುತ್ತಿಗೆ ಮರಗಟ್ಟಿದ ಹಾಗೆ ಆಗತ್ತೆ ಅಂತ ಪತ್ರ ಬರೆದ್ರು, ಅಲ್ಲಿಂದ ಈ ಭಯ ಊರೆಲ್ಲ ಹಬ್ಬಿತು. ಆಮೇಲೆ ಯಾರಿಗೆ ಏನು ಕೊಟ್ಟಿದ್ದಾರೆ ಅಂತ ತಿಳಿಯದ ಹಾಗೆ ಮಾಡಿದ ಪರೀಕ್ಷೆಗಳಲ್ಲಿ ಊಟದಲ್ಲಿ ಹಾಕೋವಷ್ಟು ಪ್ರಮಾಣಕ್ಕೆ ಅಂಥ ತೊಂದರೆ ಸ್ಥಿರವಾಗಿ ಕಾಣಿಸಲಿಲ್ಲ, ಎಫ್‌ಡಿಎ ಕೂಡ ಅದನ್ನ ಸಾಮಾನ್ಯವಾಗಿ ಸುರಕ್ಷಿತ ಅನ್ನೋ ಪಟ್ಟಿಯಲ್ಲೇ ಇಟ್ಟಿದೆ. ಹಾಗಂತ ಅದನ್ನ ಸುರಿದು ಕೆಟ್ಟ ಸೂಪು ಮುಚ್ಚೋರು ಇಲ್ಲ ಅಂತಲ್ಲ, ಇದ್ದಾರೆ, ಆಗ ಎಲ್ಲಾ ಡಿಶ್ಶೂ ಒಂದೇ ಥರ ರುಚಿ ಆಗತ್ತೆ, ಊಟ ಆದ ಮೇಲೆ ಬಾಯಿ ಒಣಗ್ತಾ ನೀರು ಕುಡೀಬೇಕು ಅನ್ಸತ್ತೆ, ಅದಕ್ಕೆ ಮುಖ್ಯ ಕಾರಣ ಜೊತೆಗೆ ಹೋದ ಉಪ್ಪು. ಆ ಒಂದೇ ರುಚಿಗೆ ಮಾರ್ಕ್ಸ್ ಕಳೆಯಿರಿ, ಅಜಿನೊಮೊಟೊ ಇದೆ ಅನ್ನೋ ಒಂದೇ ಕಾರಣಕ್ಕೆ ಬೇಡ.

ಮೆನು ಬಗ್ಗೆ ಒಂದು ಎಚ್ಚರಿಕೆ. ಮೆನು ಉದ್ದ ಇದ್ರೆ ಕೆಟ್ಟದು ಅಂತ ಸುಮಾರು ಜನ ಹೇಳ್ತಾರೆ, ನಾನು ಪೂರ್ತಿ ಒಪ್ಪಲ್ಲ. ವಾಕ್ ಕಿಚನ್‌ನಲ್ಲಿ ಐದು ಸಾಸು, ನಾಲ್ಕು ಮಾಂಸ, ಹತ್ತು ತರಕಾರಿ ಇದ್ರೆ ನೂರು ಡಿಶ್ ತಾನಾಗೇ ಹುಟ್ಟತ್ತೆ, ಎಲ್ಲಾನೂ ಆರ್ಡರ್ ಬಂದ ಮೇಲೆ ಹುರಿಯೋದು, ಏನೂ ಹಳೇದಾಗಲ್ಲ. ಕಷ್ಟ ಬರೋದು ನಿಮ್ಮ ಜಾಗದ ಹಾಗೆ ಚೈನಾ, ಜಪಾನ್, ಥಾಯ್ ಮೂರೂ ಇದ್ದಾಗ. ರಾಮೆನ್‌ಗೆ ದೊಡ್ಡ ಹಂಡೆ ದಿನವಿಡೀ ಕುದೀಬೇಕು, ಡಂಪ್ಲಿಂಗ್‌ಗೆ ಬೇರೆ ಜನ ಬೇಕು, ಕರಿಗೆ ಬೇರೆ ಪೇಸ್ಟ್ ಬೇಕು, ಚಿಕ್ಕ ಕಿಚನ್‌ನಲ್ಲಿ ಎಲ್ಲಾದಕ್ಕೂ ಕೈ ಹಾಕಿದ್ರೆ ಎಲ್ಲೋ ಒಂದು ಕಡೆ ಪ್ಯಾಕೆಟ್ ಬಂದೇ ಬರತ್ತೆ. ಆಗ ಇಲ್ಲಿ ಯಾವುದು ಇವರ ಸ್ವಂತದ್ದು ಅಂತ ಕಂಡುಹಿಡಿದು ಅದನ್ನೇ ಆರ್ಡರ್ ಮಾಡಿ. ನೇರವಾಗಿ ಕೇಳಿ, ಇವತ್ತು ಇಲ್ಲೇ ಮಾಡಿದ್ದು ಯಾವುದು ಅಂತ. ಒಳ್ಳೆ ಜಾಗದಲ್ಲಿ ಈ ಪ್ರಶ್ನೆಗೆ ಮುಖ ಅರಳತ್ತೆ.

ಸರ್ವಿಸ್. ಇಲ್ಲಿ ನಿಮ್ಮ ಫ್ರೆಂಡ್ ಹೇಳಿದ್ದನ್ನ ನಾನು ಹೆಚ್ಚುಕಮ್ಮಿ ಒಪ್ಪಲ್ಲ, ಬೇಜಾರು ಮಾಡ್ಕೋಬೇಡಿ ಅಂತ ಹೇಳಿ ಅವರಿಗೆ. ಸ್ಟಾರ್ಟರ್, ಮೇನ್ ಕೋರ್ಸ್, ಡೆಸರ್ಟ್ ಅಂತ ಸಾಲಾಗಿ, ಎಲ್ಲರ ತಟ್ಟೆ ಒಟ್ಟಿಗೆ ಬರೋದು ಯುರೋಪಿನ ಪದ್ಧತಿ. ಚೀನಾದಲ್ಲಿ, ಥಾಯ್‌ಲ್ಯಾಂಡ್‌ನಲ್ಲಿ, ಕೊರಿಯಾದಲ್ಲಿ ಊಟ ಮಧ್ಯದಲ್ಲಿಟ್ಟು ಹಂಚಿಕೊಂಡು ತಿನ್ನೋದು, ಯಾವುದು ಮೊದಲು ರೆಡಿ ಆಯ್ತೋ ಅದು ಮೊದಲು ಬರತ್ತೆ. ಇದು ಅಶಿಸ್ತು ಅಲ್ಲ. ವಾಕ್‌ನಿಂದ ಇಳಿದ ತಟ್ಟೆ ಐದು ನಿಮಿಷ ಕಾದ್ರೆ ಆಗಲೇ ಹೇಳಿದ ಆ ಘಮ ಹೋಗಿಬಿಡತ್ತೆ, ಕೌಂಟರ್ ಮೇಲೆ ಬೇರೆ ಮೂರು ತಟ್ಟೆಗೋಸ್ಕರ ಕಾಯಿಸೋದೇ ನಿಮಗೆ ಮಾಡೋ ಮೋಸ. ಇಂಥ ಜಾಗದಲ್ಲಿ ಸರ್ವಿಸ್ ಅಂದ್ರೆ ಮೊದಲನೆಯದಾಗಿ ಒಲೆಯಿಂದ ಟೇಬಲ್‌ವರೆಗಿನ ಆ ದೂರ ಎಷ್ಟು ಬೇಗ ದಾಟಿತು ಅನ್ನೋದು. ಬಿಲ್ ಕೇಳಿದ ಮೇಲೆ ತರೋದೂ ಹಾಗೇ, ಎಷ್ಟೋ ಕಡೆ ಕೇಳದೇ ಬಿಲ್ ತಂದಿಡೋದನ್ನ ಎದ್ದು ಹೋಗಿ ಅಂದ ಹಾಗೆ ಅಂತ ತಿಳೀತಾರೆ. ಕೊರಿಯಾದಲ್ಲಿ ಟೇಬಲ್ ಮೇಲೆ ಬೆಲ್ ಇರತ್ತೆ, ಜಪಾನಿನಲ್ಲಿ ಸುಮಿಮಾಸೆನ್, ಅಂದ್ರೆ ಎಕ್ಸ್‌ಕ್ಯೂಸ್ ಮಿ, ಅಂತ ಜೋರಾಗಿ ಕರೀತಾರೆ, ಕರೆಯೋವರೆಗೂ ನಿಮ್ಮ ಪಾಡಿಗೆ ನಿಮ್ಮನ್ನ ಬಿಡೋದೇ ಮರ್ಯಾದೆ. ಕ್ಯಾಂಟನೀಸ್ ಟೀ ಹೌಸ್‌ನಲ್ಲಿ ಟೀ ಪಾಟ್ ಮುಚ್ಚಳ ಓರೆ ಮಾಡಿಟ್ರೆ ಸಾಕು, ಯಾರೋ ಬಂದು ಬಿಸಿನೀರು ತುಂಬಿ ಹೋಗ್ತಾರೆ, ಒಂದು ಮಾತೂ ಇರಲ್ಲ.

ಹಾಗಾದ್ರೆ ಕೆಟ್ಟ ಸರ್ವಿಸ್ ಅನ್ನೋದೇ ಇಲ್ವಾ ಅಂದ್ರೆ ಖಂಡಿತ ಇದೆ. ಕರೆದ್ರೂ ನೋಡದೇ ಹೋಗೋದು, ಆರ್ಡರ್ ತಪ್ಪಾದಾಗ ನೀವೇ ತಪ್ಪು ಹೇಳಿದ್ದು ಅನ್ನೋದು, ಒಬ್ಬರದ್ದು ಬಂದು ಅವರು ಪೂರ್ತಿ ತಿಂದು ಮುಗಿಸಿದ್ರೂ ಇನ್ನೊಬ್ಬರದ್ದು ಬರದೇ ಇರೋದು, ಅದರಲ್ಲೂ ಎಲ್ಲರೂ ತಮ್ಮತಮ್ಮದೇ ಬೌಲ್ ಆರ್ಡರ್ ಮಾಡಿದಾಗ. ಎಲ್ಲಕ್ಕಿಂತ ದೊಡ್ಡದು ನನ್ನ ಪ್ರಕಾರ ಇದು: ಇದರಲ್ಲಿ ಏನೇನಿದೆ ಅಂತ ಕೇಳಿದಾಗ ಗೊತ್ತಿಲ್ಲದೇ ಇದ್ರೂ ಗೊತ್ತಿರೋ ಹಾಗೆ ಉತ್ತರ ಕೊಡೋದು. ಸಸ್ಯಾಹಾರಿಗಳಿಗೆ ಇದು ತುಂಬಾ ಮುಖ್ಯ, ಥಾಯ್ ಕರಿ ಪೇಸ್ಟ್‌ನಲ್ಲಿ ಒಣ ಸೀಗಡಿ ಪೇಸ್ಟ್ ಇರತ್ತೆ, ಬರೀ ಸೊಪ್ಪು ಅಂದುಕೊಂಡಿದ್ರಲ್ಲಿ ಸಮುದ್ರದ ಚಿಪ್ಪುಜೀವಿಯಿಂದ ಮಾಡೋ ಆಯ್ಸ್ಟರ್ ಸಾಸ್ ಇರತ್ತೆ, ಜಪಾನಿನ ಮಿಸೋ ಸೂಪಿಗೆ ಹಾಕೋ ದಾಶಿ ಅನ್ನೋ ರಸ ಸಾಮಾನ್ಯವಾಗಿ ಒಣಗಿಸಿದ ಮೀನಿಂದ ಮಾಡಿದ್ದು, ಕೊರಿಯಾದ ಹುಳಿ ಬರಿಸಿದ ಎಲೆಕೋಸು ಕಿಮ್ಚಿಯಲ್ಲೂ ಸಾಮಾನ್ಯವಾಗಿ ಸೀಗಡಿನೋ ಮೀನಿನ ಸಾಸೋ ಹಾಕಿರ್ತಾರೆ. ಶೇಂಗಾ ಅಲರ್ಜಿ ಇರೋರಿಗಂತೂ ಜೀವದ ಪ್ರಶ್ನೆ. ಒಂದು ನಿಮಿಷ, ಒಳಗೆ ಕೇಳಿಕೊಂಡು ಬರ್ತೀನಿ ಅಂತ ಹೋಗಿ ಕೇಳಿ ಬಂದ್ರೆ ಅವರು ನಗದೇ ಇದ್ರೂ ನಾನು ಪೂರ್ತಿ ಮಾರ್ಕ್ಸ್ ಕೊಡ್ತೀನಿ.

ಕ್ಲೀನ್ ವಿಷಯದಲ್ಲಿ ಗೋಡೆ ಪೇಂಟ್, ಹಳೇ ಕುರ್ಚಿ ನೋಡಬೇಡಿ, ಸಾಸ್ ಬಾಟಲಿಯ ಕುತ್ತಿಗೆ ನೋಡಿ, ಟಾಯ್ಲೆಟ್ ನೋಡಿ, ಕರಿದಿದ್ದು ತಿಂದಾಗ ಕಮಟು ವಾಸನೆ ಬಂತಾ ನೋಡಿ. ಇನ್ನೊಂದು ನಿಮ್ಮ ಕಣ್ಣಿಗೆ ಕಾಣದ್ದು, ಅನ್ನ. ಫ್ರೈಡ್ ರೈಸ್‌ಗೆ ಹಿಂದಿನ ದಿನದ ಅನ್ನ ಒಳ್ಳೇದು ನಿಜ, ಆದ್ರೆ ಅದನ್ನ ಬೇಗ ಆರಿಸಿ ಫ್ರಿಜ್‌ಗೆ ಇಡಬೇಕು. ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣ ಅಕ್ಕಿ ಬೆಂದ್ರೂ ಸಾಯಲ್ಲ, ಅನ್ನ ಹೊರಗೆ ಬೆಚ್ಚಗೆ ಕೂತ್ರೆ ಬೆಳೆದು ವಾಂತಿ ತರೋ ವಿಷ ಬಿಡತ್ತೆ, ಆ ವಿಷ ಮತ್ತೆ ಹುರಿದ್ರೂ ಹೋಗಲ್ಲ. ನಾನು ಕೆಲಸ ಮಾಡಿದ ಒಂದು ಕಿಚನ್‌ನಲ್ಲಿ ರಾತ್ರಿ ಉಳಿದ ಅನ್ನ ಹಂಡೆಯಲ್ಲೇ ಮುಚ್ಚಿಟ್ಟು ಹೋಗ್ತಿದ್ರು, ಬೆಳಿಗ್ಗೆ ಬಂದು ಮುಚ್ಚಳ ತೆಗೆದ್ರೆ ಇನ್ನೂ ಉಗುರು ಬೆಚ್ಚಗೆ ಇರ್ತಿತ್ತು, ನಾನು ಅದನ್ನ ಚೆಲ್ಲಿದ್ದಕ್ಕೆ ದೊಡ್ಡ ಜಗಳನೇ ಆಯ್ತು, ಕೊನೆಗೆ ನಾನು ಆ ಕೆಲಸ ಬಿಟ್ಟೆ. ಅದಕ್ಕೇ ಈಗಲೂ ಫ್ರೈಡ್ ರೈಸ್‌ನಲ್ಲಿ ಒಂಚೂರು ಹುಳಿ ವಾಸನೆ ಬಂದ್ರೆ ತಟ್ಟೆ ಪಕ್ಕಕ್ಕಿಡ್ತೀನಿ, ನೀವೂ ಇಡಿ, ದುಡ್ಡು ಕೊಟ್ಟಾಯ್ತಲ್ಲ ಅಂತ ತಿನ್ನಬೇಡಿ.

ಮತ್ತೆ ದುಡ್ಡಿಗೆ ಬರ್ತೀನಿ, ಲೆಕ್ಕ ಹಾಕೋ ರೀತಿ ಹೇಳ್ಬೇಕು. ಹಂಚಿಕೊಂಡು ತಿನ್ನೋ ಊಟನ ತಟ್ಟೆ ಲೆಕ್ಕದಲ್ಲಿ ಅಳೀಬೇಡಿ, ತಲೆ ಲೆಕ್ಕದಲ್ಲಿ ಅಳೀರಿ. ನಾಲ್ಕು ಜನ ಇದ್ರೆ ಮೂರೋ ನಾಲ್ಕೋ ಡಿಶ್ಶು ಮತ್ತೆ ಎಲ್ಲರಿಗೂ ಅನ್ನ, ಒಂದು ಹುರಿದದ್ದು, ಒಂದು ರಸ ಇರೋದು, ಒಂದು ಸೊಪ್ಪು, ಹೀಗೆ ತಗೊಂಡ್ರೆ ಹೊಟ್ಟೆನೂ ತುಂಬತ್ತೆ ಬಿಲ್ಲೂ ಇಳಿಯತ್ತೆ. ಕೊರಿಯನ್ ಜಾಗದಲ್ಲಿ ಜೊತೆಗೆ ಬರೋ ಸಣ್ಣ ಸಣ್ಣ ಬಾಂಚಾನ್ ಬಟ್ಟಲುಗಳು ಸಾಮಾನ್ಯವಾಗಿ ಫ್ರೀ, ಮತ್ತೆ ಕೇಳಿದ್ರೂ ಕೊಡ್ತಾರೆ, ಅದನ್ನ ಸೇರಿಸಿ ಬೆಲೆ ನೋಡಬೇಕು. ಜಪಾನಿನ ಇಝಕಾಯಾ ಅನ್ನೋ ಬಾರ್‌ಗಳಲ್ಲಿ ಕೇಳದೇ ಬರೋ ಮೊದಲ ಚಿಕ್ಕ ಬಟ್ಟಲಿಗೆ, ಒತೋಶಿ ಅಂತಾರೆ, ದುಡ್ಡು ಇರತ್ತೆ, ಹಾಂಗ್‌ಕಾಂಗ್‌ನ ಡಿಮ್‌ಸಮ್ ಜಾಗಗಳಲ್ಲಿ ಟೀಗೆ ತಲೆಗಿಷ್ಟು ಅಂತ ಹಾಕ್ತಾರೆ, ಜೊತೆಗೆ ಶೇಕಡಾ 10 ಸರ್ವಿಸ್ ಚಾರ್ಜ್ ಇರೋದು ಮಾಮೂಲು. ಇವು ಮೋಸ ಅಲ್ಲ, ಆದ್ರೆ ಮೆನುವಿನಲ್ಲಿ ಬರೆದಿರಬೇಕು, ಬರೆಯದೇ ಹಾಕಿದ್ರೆ ಕೇಳೋ ಹಕ್ಕು ನಿಮಗಿದೆ. ಬಿಲ್ ಜಾಸ್ತಿ ಬಂದಾಗ ಕೂಲ್‌ಡ್ರಿಂಕ್ಸ್, ಬಬಲ್ ಟೀ ಎಷ್ಟಾಯ್ತು ಬೇರೆ ಮಾಡಿ ನೋಡಿ, ಎಲ್ಲಾ ರೆಸ್ಟೋರೆಂಟ್‌ಗೂ ದೊಡ್ಡ ಲಾಭ ಇರೋದು ಅಲ್ಲಿ, ಆಮೇಲೆ ಊಟ ದುಬಾರಿ ಅಂತ ಬರೀತೀವಿ. ಬಫೆ ಬಗ್ಗೆ ಜಾಸ್ತಿ ಹೇಳಲ್ಲ, ವಾಕ್‌ನ ಊಟ ಬಿಸಿ ಟ್ರೇಯಲ್ಲಿ ಅರ್ಧ ಗಂಟೆ ಕೂತ್ರೆ ಅದು ಬೇರೆಯೇ ಊಟ.

ಇಷ್ಟರ ಮೇಲೂ ಜನ ಏಷ್ಯನ್ ಊಟ ಅಂದ್ರೆ ಅಗ್ಗ ಇರ್ಲೇಬೇಕು ಅಂತ ಮೊದಲೇ ತೀರ್ಮಾನ ಮಾಡ್ಕೊಂಡು ಬರ್ತಾರಲ್ಲ, ಅದು ನಂಗೆ ನಿಜಕ್ಕೂ ನೋವು ಕೊಡೋ ವಿಷಯ. ಕೈಯಲ್ಲಿ ಮಾಡಿದ ಪಾಸ್ತಾ ಒಂದು ಚಿಕ್ಕ ತಟ್ಟೆಗೆ ಕೇಳದೇ ಕೊಡೋ ದುಡ್ಡನ್ನ ಕೈಯಲ್ಲಿ ಎಳೆದ ನೂಡಲ್ಸ್‌ಗೆ ಕೊಡೋಕೆ ಚೌಕಾಸಿ. ಆ ಕಡೆ ನೋಡಿದ್ರೆ 2016ರಲ್ಲಿ ಸಿಂಗಾಪುರದ ಎರಡು ಹಾಕರ್ ಅಂಗಡಿಗಳಿಗೆ, ಅಂದ್ರೆ ಅಗ್ಗದ ಚಿಕ್ಕ ಊಟದ ಸ್ಟಾಲ್‌ಗಳಿಗೆ, ರೆಸ್ಟೋರೆಂಟ್‌ಗಳಿಗೆ ದೊಡ್ಡ ಗೌರವ ಅನ್ನಿಸೋ ಮಿಶೆಲಿನ್ ಗೈಡ್‌ನ ಸ್ಟಾರ್ ಸಿಕ್ತು, ಒಂದು ಸೋಯಾ ಸಾಸ್ ಚಿಕನ್ ಮಾರೋದು, ಒಂದು ಹಂದಿ ಮಾಂಸದ ನೂಡಲ್ಸ್ ಮಾರೋದು, ಎರಡೂ ಕಡೆ ಕ್ಯೂ ನಿಂತು ನಾವೇ ಟ್ರೇ ಎತ್ತಿಕೊಂಡು ಪ್ಲಾಸ್ಟಿಕ್ ಸ್ಟೂಲ್ ಹುಡುಕಬೇಕು. ಮಿಶೆಲಿನ್‌ನವರು ಸ್ಟಾರ್‌ಗೆ ನೋಡೋದು ಸಾಮಗ್ರಿಯ ಗುಣ, ರುಚಿಗಳ ಹೊಂದಾಣಿಕೆ, ಕೈಚಳಕ, ಅಡುಗೆಯವರ ಛಾಪು, ಪ್ರತೀ ಸಲ ಅದೇ ಮಟ್ಟ ಇದೆಯಾ ಅನ್ನೋದು, ಕುರ್ಚಿ ಮೇಜು ಅದರಲ್ಲಿ ಬರಲ್ಲ. ಹಿತವಾದ ಬೆಲೆಗೆ ಒಳ್ಳೆ ಊಟ ಕೊಡೋರಿಗೆ ಅಂತ 1997ರಲ್ಲಿ ಬಿಬ್ ಗೂರ್ಮಾಂಡ್ ಅನ್ನೋ ಬೇರೆ ಗುರುತೇ ಇಟ್ರು. ಆ ಐದನೇ ಅಂಶ, ಪ್ರತೀ ಸಲ ಅದೇ ಮಟ್ಟ ಅನ್ನೋದು, ಒಂದೇ ಸಲ ಹೋಗಿ ಬಂದ ನಮಗೆ ಗೊತ್ತಾಗೋಕೆ ಸಾಧ್ಯನೇ ಇಲ್ಲ, ಅದಕ್ಕೇ ಆದಷ್ಟು ಎರಡು ಸಲ ಹೋಗಿ ಬರೀರಿ ಅಂತೀನಿ, ಒಂದು ಸಲ ರಶ್ ಇರೋ ರಾತ್ರಿ, ಇನ್ನೊಂದು ಸಲ ಖಾಲಿ ಮಧ್ಯಾಹ್ನ.

ಯಾಕೆ ಇಷ್ಟು ಒತ್ತಿ ಹೇಳ್ತಿದ್ದೀನಿ ಅಂದ್ರೆ ನಿಮ್ಮ ಒಂದು ಸ್ಟಾರ್‌ಗೆ ತೂಕ ಇದೆ. ಆಗ ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನಲ್ಲಿದ್ದ ಮೈಕೆಲ್ ಲೂಕಾ ಸಿಯಾಟಲ್‌ನ ರೆಸ್ಟೋರೆಂಟ್‌ಗಳ ಲೆಕ್ಕ ನೋಡಿ 2011ರಲ್ಲಿ ಬರೆದಿದ್ರು, ಯೆಲ್ಪ್ ಅನ್ನೋ ರಿವ್ಯೂ ಸೈಟ್‌ನಲ್ಲಿ ರೇಟಿಂಗ್ ಒಂದು ಸ್ಟಾರ್ ಏರಿದ್ರೆ ಆದಾಯ ಶೇಕಡಾ 5ರಿಂದ 9 ಏರತ್ತೆ ಅಂತ, ಅದೂ ದೊಡ್ಡ ಚೈನ್‌ಗಳಿಗೆ ಅಲ್ಲ, ಒಬ್ಬೊಬ್ಬರೇ ನಡೆಸೋ ಚಿಕ್ಕ ಜಾಗಗಳಿಗೆ. ನೂರಕ್ಕೆ ಚೂರು ಉಳಿಸೋ ಬಿಸಿನೆಸ್‌ನಲ್ಲಿ ಅದು ಒಬ್ಬರ ಸಂಬಳ.

ನಿಮ್ಮ ಊಟಕ್ಕೆ ಬರೋಣ. ಪ್ಲೇಟ್ ಬೇರೆ ಬೇರೆ ಟೈಮಿಗೆ ಬಂದಿದ್ದಕ್ಕೆ, ಬಿಲ್ ಕೇಳಬೇಕಾಗಿ ಬಂದಿದ್ದಕ್ಕೆ ಏನೂ ಕಳೀಬೇಡಿ, ಆದ್ರೆ ರಾಮೆನ್ ತಗೊಂಡವರು ತುಂಬಾ ಹೊತ್ತು ಬರೀ ನೋಡ್ಕೊಂಡು ಕೂರಬೇಕಾಗಿದ್ರೆ ಅರ್ಧ ಸ್ಟಾರ್ ಕಳೆಯಿರಿ. ಕ್ವಾಂಟಿಟಿ ಬಗ್ಗೆ ಹೇಳಿದ ಫ್ರೆಂಡ್‌ನ ಅವರು ತಿಂದಿದ್ದು ಯಾವುದು ಅಂತ ಕೇಳಿ, ಡಂಪ್ಲಿಂಗ್ ಆಗಿದ್ದು ಅದು ಅಲ್ಲೇ ಕೈಯಲ್ಲಿ ಮಾಡಿದ್ದಾದ್ರೆ ಆ ದೂರು ನಿಲ್ಲಲ್ಲ, ಫ್ರೋಜನ್ ಆಗಿದ್ರೆ ಅವರು ಹೇಳಿದ್ದೇ ಸರಿ. ನೀವು ಅನ್ನ ಹೇಗಿತ್ತು, ಸೂಪು ಬರೀ ಉಪ್ಪಿತ್ತಾ ಅಂತ ನೆನಪು ಮಾಡ್ಕೊಳ್ಳಿ, ನೆನಪಾಗದೇ ಇದ್ರೆ ಈಗ ಸ್ಟಾರ್ ಹಾಕ್ಲೇಬೇಡಿ, ಇನ್ನೊಂದು ಸಲ ಹೋಗಿ, ಈ ಸಲ ಒಂದು ಸೊಪ್ಪು ಮತ್ತೆ ಡಂಪ್ಲಿಂಗ್ ಆರ್ಡರ್ ಮಾಡಿ, ಇಲ್ಲೇ ಮಾಡಿದ್ದಾ ಅಂತ ಕೇಳಿ. ರಿವ್ಯೂ ಬರೆಯುವಾಗ ಸ್ಟಾರ್ ಜೊತೆಗೆ ಯಾವ ಡಿಶ್ಶು, ಎಷ್ಟು ಜನ, ಯಾವ ಟೈಮು, ಟೇಬಲ್‌ಗೆ ಬಂದಾಗ ಬಿಸಿ ಇತ್ತಾ ಅನ್ನೋದನ್ನ ಎರಡು ಸಾಲಲ್ಲಿ ಹಾಕಿ, ಓದೋರಿಗೆ 3ಕ್ಕೂ 4ಕ್ಕೂ ಇರೋ ವ್ಯತ್ಯಾಸಕ್ಕಿಂತ ಅದೇ ಹೆಚ್ಚು ಬೇಕಾಗಿರೋದು, ಒಳಗೆ ಒಲೆ ಮುಂದೆ ನಿಂತು ಅದನ್ನ ಓದೋರಿಗೂ ಸಹ.